ಬ್ಯಾರಿ ಶೀನ್ ಮತ್ತು ಅವನ ಏಳು

ಮನುಷ್ಯನಿಗೆ ಹೆಸರನ್ನು ಹೆತ್ತವರು ಇಡುತ್ತಾರೆ. ನಂಬರನ್ನು ಮಾತ್ರ ಬೇರೆ ಯಾರೋ ಕೊಡುತ್ತಾರೆ. ನಮ್ಮ ಮನೆಯಲ್ಲಿ ಇದುವರೆಗೂ ಹಾಗೆಯೇ ನಡೆದುಬಂದಿದೆ. ಸಕಲೇಶಪುರದ ಮೇಲಿನ ಕಾಫಿ ತೋಟವೊಂದರ ಲೈನಿನಲ್ಲಿ ಬಾಳಿ ಹೋದ ನಮ್ಮಜ್ಜಿಗೆ ತೋಟದ ಚೆಕ್‌ರೋಲಿನಲ್ಲಿ ಒಂದು ನಂಬರಿದ್ದಿತು. ಬಟವಾಡೆಯ ದಿನ ರೈಟರು ಕೂಗುತ್ತಿದ್ದುದು ಆ ನಂಬರನ್ನೇ ಹೊರತು ಅವಳ ಹೆಸರನ್ನಲ್ಲ. ಅಪ್ಪನಿಗೂ ಅದೇ ತೋಟದಲ್ಲಿ ಇನ್ನೊಂದು ನಂಬರು ಬಂದಿತು. ನಮ್ಮ ವಂಶದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನು; ನನಗೂ ವಿಶ್ವವಿದ್ಯಾನಿಲಯದವರು ಒಂದು ರಿಜಿಸ್ಟರ್ ನಂಬರು ಕೊಟ್ಟಿದ್ದಾರೆ. ಅದು ಎಷ್ಟು ಉದ್ದವಿದೆಯೆಂದರೆ ಪರೀಕ್ಷೆಯ ಕೊಠಡಿಯಲ್ಲಿ ಪ್ರವೇಶಪತ್ರವನ್ನು ನೋಡದೆ ಬರೆಯಲು ನನ್ನಿಂದ ಇಂದಿಗೂ ಆಗದು. ಅಂದಮೇಲೆ, ತನ್ನ ಸಂಖ್ಯೆಯನ್ನು ತಾನೇ ಆರಿಸಿಕೊಂಡು, ಅದನ್ನು ಎದೆಯ ಮುಂದೆ ಬರೆಸಿಕೊಂಡು, ಲೋಕದ ಮುಂದೆ ಓಡುವ ಜನರೂ ಉಂಟೆಂದು ತಿಳಿದಾಗ ನನಗೆ ಆಶ್ಚರ್ಯವಾದುದು ಸಹಜವೇ ತಾನೆ?

ಅಂಥ ಜನ ಮೋಟಾರ್ ಸೈಕಲ್ ಪಂದ್ಯದ ಸವಾರರು. ಇಟಲಿಯ ವಾಲೆಂಟಿನೋ ರಾಸ್ಸಿಯ 46ನ್ನು ನಮ್ಮ ಆಲೂರು, ಮಗ್ಗೆ, ಬಾಳ್ಳುಪೇಟೆಗಳ ಹುಡುಗರು ಕೂಡ ತಮ್ಮ ಗಾಡಿಗಳ ಮೇಲೆ ಅಂಟಿಸಿಕೊಂಡಿರುವುದನ್ನು ನಾವೆಲ್ಲ ನೋಡಿದ್ದೇವೆ. ಅಂಟಿಸಿದವರಲ್ಲಿ ಎಷ್ಟು ಮಂದಿಗೆ ಅದರ ಮೂಲ ತಿಳಿದಿದೆಯೋ ಕಾಣೆ. ಅದು ಅವನ ತಂದೆ ಗ್ರಾಜಿಯಾನೋ ಪಂದ್ಯಗಳಲ್ಲಿ ಓಡಿಸುತ್ತಿದ್ದ ಗಾಡಿಯ ಸಂಖ್ಯೆ. ಮಗ ಪಿತ್ರಾರ್ಜಿತವೆಂಬಂತೆ ಅದನ್ನು ಉಳಿಸಿಕೊಂಡನು. ಸ್ಪೇನಿನ ಮಾರ್ಕ್ ಮಾರ್ಕೆಸ್‌ನ 93 ಅವನು ಹುಟ್ಟಿದ 1993ನೆಯ ಇಸವಿಯ ಗುರುತು. ಅಮೆರಿಕದ ಕೆವಿನ್ ಶ್ವಾಂಟ್ಜ್‌ನ 34 ಅವನ ಸೋದರಮಾವನಿಂದ ಬಂದುದು. ಅದೇ ದೇಶದ ನಿಕಿ ಹೇಡನ್‌ನ 69 ತಂದೆಯಿಂದ ಬಂದುದು. ಗಾಡಿ ಬಿದ್ದು ತಲೆಕೆಳಗಾದರೂ ಈ ಸಂಖ್ಯೆಯನ್ನು ಓದಬಹುದೆಂಬುದು ಆ ಮನೆಯವರ ವಿನೋದ. ನೆಲಕ್ಕೆ ಬೀಳುವುದನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಸಂಖ್ಯೆಯನ್ನು ಆರಿಸಿದ ಆ ತಂದೆಯ ಧೈರ್ಯವನ್ನು ಮೆಚ್ಚಬೇಕೋ, ಮರುಗಬೇಕೋ, ನನಗೆ ಬಗೆಹರಿಯದು.

ಹಿಂದೆ ಹೀಗಿರಲಿಲ್ಲ. ಸವಾರನ ಸಂಖ್ಯೆಯೂ ಚೆಕ್‌ರೋಲಿನ ನಂಬರಿನಂತೆಯೇ ಮೇಲಿನಿಂದ ಬರುತ್ತಿತ್ತು. ಹೋದ ವರ್ಷ ಯಾರು ಎಷ್ಟನೆಯವನಾಗಿ ಬಂದನೋ ಈ ವರ್ಷ ಅವನಿಗೆ ಅದೇ ಅಂಕಿ, ಗೆದ್ದವನಿಗೆ 1. ಫಲಕದ ಬಣ್ಣಕ್ಕೂ ಕಟ್ಟಳೆ ಇದ್ದಿತು. 500 ಸಿ.ಸಿ. ಗಾಡಿಗಳಿಗೆ ಹಳದಿಯ ಮೇಲೆ ಕಪ್ಪು ಅಂಕಿ, 350ಕ್ಕೆ ನೀಲಿಯ ಮೇಲೆ ಬಿಳಿ, 250ಕ್ಕೆ ಹಸಿರಿನ ಮೇಲೆ ಬಿಳಿ, 125ಕ್ಕೆ ಕಪ್ಪಿನ ಮೇಲೆ ಬಿಳಿ. ದೂರದಲ್ಲಿ ಕುಳಿತ ಗುಮಾಸ್ತ ಲೆಕ್ಕ ತಪ್ಪದಿರಲೆಂದು ಮಾಡಿದ ಏರ್ಪಾಡು ಇದು. ಈ ಏರ್ಪಾಡಿನಲ್ಲಿ ಅತ್ಯುನ್ನತವಾದ ಅಂಕಿ ಕೈಗೆ ಬಂದಾಗ ಅದು ಬೇಡವೆಂದು, ತನ್ನ ಹಳೆಯ ಅಂಕಿಯೇ ಇರಲೆಂದು ಹಿಡಿದು ನಿಂತವರಲ್ಲಿ ಮೊದಮೊದಲಿಗನೂ ಎಲ್ಲರಿಗಿಂತ ಹೆಸರಾದವನೂ ಇಂಗ್ಲೆಂಡಿನ ಬ್ಯಾರಿ ಶೀನ್. ಅವನ ಅಂಕಿ 7. ಅವನ ಜೀವನವನ್ನು ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮ ನಾಡಿನಲ್ಲಿ ಸವಾರರಿಲ್ಲವೆ, ಪರದೇಶದವನ ಕಥೆ ಏಕೆ ಎಂದು ಕೇಳುವವರು ಇರಬಹುದು. ಇದ್ದಾರೆ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಾಕಾರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯರೆನಿಸಿದರು. ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಗಾಡಿಗಳನ್ನು ತಯಾರಿಸಿ ನಮ್ಮ ಮಲೆನಾಡಿನ ತೋಟದ ದಾರಿಗಳಿಗೆಲ್ಲ ಹಂಚಿತು. ಆದರೆ ಡಾಕಾರ್‌ನಲ್ಲಿ ಸಂಖ್ಯೆಯನ್ನು ಕೊಡುವವರು ಪಂದ್ಯ ನಡೆಸುವವರು. ಅಂಕಿ ಹಿಡಿದು ನಿಂತವನ ಕಥೆ ಬೇಕೆಂದರೆ ಶೀನನ ಬಳಿಗೇ ಹೋಗಬೇಕು.

ಇನ್ನೊಂದು ಕಾರಣವೂ ಉಂಟು. ನಮ್ಮಣ್ಣ ಎಸ್.ಎಸ್.ಎಲ್.ಸಿ.ಗೇ ಓದು ನಿಲ್ಲಿಸಿ ಗ್ಯಾರೇಜು ಸೇರಿದವನು. ನನ್ನ ಫೀಜು, ಬಸ್ ಪಾಸು, ಪುಸ್ತಕ ಎಲ್ಲವೂ ಅವನ ಗ್ರೀಸು ಮೆತ್ತಿದ ಕೈಯಿಂದ ಬಂದವು. ಅವನಲ್ಲಿ ಒಂದು ಹಳೆಯ ಯಮಹಾ ಆರ್‌ಎಕ್ಸ್ 100 ಇದೆ. ತೋಟದ ಬಂಗಲೆಯಿಂದ ರದ್ದಿಗೆ ಬಂದ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಶೀನನ ಚಿತ್ರವನ್ನು ಕಂಡ ದಿನದಿಂದ ಅದರ ಟ್ಯಾಂಕಿನ ಮೇಲೆ ಏಳು ಬಂದು ಕುಳಿತಿದೆ. ಅದೂ ಕನ್ನಡದ ೭. ಆಲೂರಿನ ಕಡೆ ಕೊಯ್ಲು ಮುಗಿದ ಗದ್ದೆಯ ಬಯಲಿನಲ್ಲಿ ಹುಡುಗರು ಸೇರಿ ನಡೆಸಿದ ಒಂದು ಪಂದ್ಯದಲ್ಲಿ ಅಣ್ಣ ಬಿದ್ದು ತೊಡೆಯ ಮೂಳೆ ಮುರಿದುಕೊಂಡನು. ಹಾಸನದ ಆಸ್ಪತ್ರೆಯಲ್ಲಿ ಮೂಳೆಯೊಳಗೆ ರಾಡು ಹಾಕಿದರು. ಅವನು ಮಂಚದ ಮೇಲಿದ್ದ ತಿಂಗಳುಗಳಲ್ಲಿ ನಾನು ಶೀನನ ವಿಷಯ ದೊರೆತುದನ್ನೆಲ್ಲ ಓದಿ ಅವನಿಗೆ ಕನ್ನಡದಲ್ಲಿ ಹೇಳಿದೆ. ಆಗ ಕೂಡಿಬಂದ ವಿಷಯವೇ ಇದು.

ಬ್ಯಾರಿ ಶೀನ್ 1950ನೆಯ ಸೆಪ್ಟೆಂಬರ್ 11ರಂದು ಲಂಡನ್ ನಗರದಲ್ಲಿ ಹುಟ್ಟಿದನು. ತಂದೆ ಫ್ರ್ಯಾಂಕ್, ತಾಯಿ ಐರಿಸ್. ಮ್ಯಾಗಿ ಎಂಬ ಅಕ್ಕ ಒಬ್ಬಳಿದ್ದಳು. ಅವಳು ಮುಂದೆ ಪಾಲ್ ಸ್ಮಾರ್ಟ್ ಎಂಬ ಹೆಸರಾಂತ ಸವಾರನನ್ನೇ ಮದುವೆಯಾದಳು. ಫ್ರ್ಯಾಂಕನ ಕೆಲಸ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಎಂಬ ಶಸ್ತ್ರವೈದ್ಯರ ಸಂಸ್ಥೆಯ ಕಟ್ಟಡಗಳ ಯಂತ್ರ, ಬಾಯ್ಲರು, ಕೊಳಾಯಿಗಳನ್ನು ನೋಡಿಕೊಳ್ಳುವುದು. ಮನೆಯೂ ಅಲ್ಲಿಯದೇ. ಮೂಳೆ ಜೋಡಿಸುವವರ ಅಂಗಳದಲ್ಲಿ ಬೆಳೆದ ಮಗು ದೊಡ್ಡವನಾದ ಮೇಲೆ ಅದೇ ವಿದ್ಯೆಗೆ ಲೋಕಪ್ರಸಿದ್ಧನಾದ ಗಿರಾಕಿಯಾದುದು ವಿಧಿಯ ಹಾಸ್ಯವೆನ್ನಬೇಕು.

ಮಗು ಆರೋಗ್ಯವಂತನಾಗಿರಲಿಲ್ಲ. ಉಬ್ಬಸ, ಮೈಮೇಲೆ ಇಸಬು. ಶಾಲೆಯೆಂದರೆ ಆಗದು, ತಪ್ಪಿಸಿಕೊಂಡು ತಿರುಗುವುದೇ ಹೆಚ್ಚು. ಸಾಲದುದಕ್ಕೆ ಚಿಕ್ಕಂದಿನಲ್ಲಿಯೇ ಸಿಗರೇಟಿನ ಚಟ ಅಂಟಿತು. ಅವನ ಮನಸ್ಸು ನೆಟ್ಟುದು ಒಂದೇ ಕಡೆ. ಫ್ರ್ಯಾಂಕ್ ಯೌವನದಲ್ಲಿ ಪಂದ್ಯಗಳಲ್ಲಿ ಓಡಿದವನು, ಎಂಜಿನನ್ನು ಹದಗೊಳಿಸುವುದರಲ್ಲಿ ನಿಪುಣ. ಬುಲ್ಟಾಕೋ ಎಂಬ ಸ್ಪೇನ್ ದೇಶದ ಗಾಡಿಗಳನ್ನು ತಯಾರಿಸುತ್ತಿದ್ದವರೊಡನೆ ಅವನಿಗೆ ಒಳ್ಳೆಯ ನಂಟಿದ್ದಿತು. ಮಗನಿಗೆ ಐದು ವರ್ಷವಾದಾಗ ತಂದೆ ಒಂದು ಪುಟ್ಟ ಗಾಡಿಯನ್ನು ಜೋಡಿಸಿಕೊಟ್ಟನು. ಹದಿನೈದಕ್ಕೆ ಶಾಲೆ ಬಿಟ್ಟ ಹುಡುಗ ಗಾಡಿಯ ಮೇಲೆ ಸಾಮಾನು ತಲುಪಿಸುವುದು, ವ್ಯಾನು ಓಡಿಸುವುದು ಮುಂತಾದ ಸಣ್ಣಪುಟ್ಟ ಕೆಲಸಗಳನ್ನು ಮಾಡಿಕೊಂಡಿದ್ದನು.

1968ರಲ್ಲಿ ಬ್ರ್ಯಾಂಡ್ಸ್ ಹ್ಯಾಚ್ ಎಂಬ ಪಥದಲ್ಲಿ ತಂದೆಯ ಬುಲ್ಟಾಕೋ ಹತ್ತಿ ಮೊದಲ ಪಂದ್ಯಕ್ಕಿಳಿದನು. ಎಂಜಿನು ಹಿಡಿದುಕೊಂಡು ಗಾಡಿ ಅವನನ್ನು ಎತ್ತಿ ಎಸೆಯಿತು. ಬಿದ್ದ ಹುಡುಗ ಮತ್ತೆ ಹತ್ತಿ, ಸ್ವಲ್ಪ ದಿನಗಳಲ್ಲಿಯೇ ಗೆಲ್ಲತೊಡಗಿದನು. 1970ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, 125 ಸಿ.ಸಿ. ವರ್ಗದಲ್ಲಿ ಬ್ರಿಟನ್ನಿನ ಚಾಂಪಿಯನ್ನಾದನು. ಇಪ್ಪತ್ತು ನನ್ನದೂ ವಯಸ್ಸು. ಆದುದರಿಂದ ಈ ಸಾಲನ್ನು ಬರೆಯುವಾಗ ಕೈ ಸ್ವಲ್ಪ ತಡೆಯಿತು. ಮರುವರ್ಷ ಯಾರೋ ಓಡಿಸಿ ಬಿಟ್ಟ ಹಳೆಯ ಸುಜುಕಿಯೊಂದನ್ನು ಕೊಂಡು, ತಂದೆ ಮಗ ಸೇರಿ ಅದನ್ನು ಸರಿಪಡಿಸಿಕೊಂಡು, ಲೋಕಮಟ್ಟದ ಗ್ರ್ಯಾನ್ ಪ್ರೀ ಪಂದ್ಯಗಳಿಗೆ ಹೊರಟರು. ಬೆಲ್ಜಿಯಮ್ಮಿನಲ್ಲಿ ಮೊದಲ ಗೆಲುವು ಬಂದಿತು. ವರ್ಷದ ಕೊನೆಗೆ 125ರಲ್ಲಿ ಸ್ಪೇನಿನ ಆಂಗೆಲ್ ನಿಯೆಟೋಗೆ ಮಾತ್ರ ಎರಡನೆಯವನು. ಅದೇ ವರ್ಷ 50 ಸಿ.ಸಿ. ಗಾಡಿಯ ಮೇಲೆಯೂ ಒಂದು ಗ್ರ್ಯಾನ್ ಪ್ರೀ ಗೆದ್ದನು. ಮುಂದೆ 500ರಲ್ಲಿಯೂ ಗೆದ್ದುದರಿಂದ, ಅತಿ ಚಿಕ್ಕ ಮತ್ತು ಅತಿ ದೊಡ್ಡ ಎರಡೂ ವರ್ಗಗಳಲ್ಲಿ ಗೆದ್ದ ಏಕೈಕ ಸವಾರನೆಂಬ ಕೀರ್ತಿ ಅವನಿಗೆ ಉಳಿದಿದೆ.

ಅದೇ 1971ರಲ್ಲಿ ಐಲ್ ಆಫ್ ಮ್ಯಾನ್ ಎಂಬ ದ್ವೀಪದ ಟಿ.ಟಿ. ಪಂದ್ಯಕ್ಕೂ ಹೋಗಿ ಬಿದ್ದು ಬಂದನು. ಮತ್ತೆ ಅಲ್ಲಿ ಸ್ಪರ್ಧಿಸಲಿಲ್ಲ. ಈ ಪ್ರಸಂಗವನ್ನು ನಮ್ಮ ಕಡೆಯ ಯುವಕರು ಗಮನಿಸಬೇಕು. ಟಿ.ಟಿ. ನಡೆಯುವುದು ಪಂದ್ಯಕ್ಕೆಂದು ಕಟ್ಟಿದ ಪಥದಲ್ಲಲ್ಲ, ಸುತ್ತಿಗೆ ಅರವತ್ತು ಕಿಲೋಮೀಟರಿನಷ್ಟಿರುವ ಊರ ರಸ್ತೆಯಲ್ಲಿ. ಪಕ್ಕದಲ್ಲಿ ಕಲ್ಲಿನ ಗೋಡೆ, ದೀಪದ ಕಂಬ, ಮನೆಯ ಬಾಗಿಲು. ಅಲ್ಲಿ ಪ್ರಾಣ ಬಿಟ್ಟ ಸವಾರರು ಅನೇಕರು. ಅಂಥ ರಸ್ತೆಯ ಪಂದ್ಯವನ್ನು ವಿಶ್ವ ಚಾಂಪಿಯನ್‌ಷಿಪ್ಪಿನ ಲೆಕ್ಕಕ್ಕೆ ಸೇರಿಸುವುದು ಅನ್ಯಾಯವೆಂದು ಶೀನ್ ಬಹಿರಂಗವಾಗಿ ವಾದಿಸಿದನು. ಅಂಜುಬುರುಕನೆಂದು ಹಳಬರು ಹಳಿದರು. ಇತರ ಸವಾರರೂ ಸೇರಿ ಬಹಿಷ್ಕರಿಸಿದುದರ ಫಲವಾಗಿ 1976ರ ನಂತರ ಟಿ.ಟಿ.ಗೆ ವಿಶ್ವ ಚಾಂಪಿಯನ್‌ಷಿಪ್ಪಿನ ಸ್ಥಾನ ತಪ್ಪಿತು. ಬ್ರಿಟನ್ನಿನ ಗ್ರ್ಯಾನ್ ಪ್ರೀ ಸಿಲ್ವರ್‌ಸ್ಟೋನ್ ಪಥಕ್ಕೆ ಹೋಯಿತು. ಭಾನುವಾರಗಳಲ್ಲಿ ದೋಣಿಗಲ್ಲಿನಿಂದ ಶಿರಾಡಿ ಘಾಟಿಯ ತಿರುವುಗಳಲ್ಲಿ ಟ್ಯಾಂಕರು ಲಾರಿಗಳ ನಡುವೆ ನುಸುಳಿ ಪಂದ್ಯ ಕಟ್ಟುವ ಹುಡುಗರನ್ನು ನಾನು ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ. ಗಂಟೆಗೆ 280 ಕಿಲೋಮೀಟರ್ ವೇಗಕ್ಕೆ ಅಂಜದವನು ಊರ ರಸ್ತೆಗೆ ಅಂಜಿದನು ಎಂಬುದನ್ನು ಅವರಿಗೆ ಯಾರಾದರೂ ತಿಳಿಸಬೇಕು.

ವೇಗದ ಮಾತು ಬಂದುದರಿಂದ 1975ರ ಮಾರ್ಚಿಗೆ ಬರೋಣ. ಆ ಹೊತ್ತಿಗೆ ಶೀನ್ ಸುಜುಕಿಯವರ ಸವಾರ. 1973ರಲ್ಲಿ 750 ಸಿ.ಸಿ. ವರ್ಗದ ಯೂರೋಪಿನ ಪ್ರಶಸ್ತಿಯನ್ನು ಗೆದ್ದಿದ್ದನು. ಅಮೆರಿಕದ ಡೇಟೋನಾ ಪಥದಲ್ಲಿ ಅಭ್ಯಾಸ ನಡೆದಿತ್ತು. ಅಲ್ಲಿಯ ತಿರುವುಗಳು ಬಾಣಲೆಯ ಅಂಚಿನಂತೆ ಎತ್ತರಕ್ಕೆ ಬಾಗಿವೆ. ವೇಗವನ್ನು ತಗ್ಗಿಸದೆಯೇ ಸುತ್ತಬಹುದು. ಗಂಟೆಗೆ ಸುಮಾರು 175 ಮೈಲಿ ವೇಗದಲ್ಲಿ ಹೋಗುತ್ತಿದ್ದಾಗ ಹಿಂದಿನ ಚಕ್ರ ಕೈಕೊಟ್ಟಿತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಹಾಸನದಿಂದ ಸಕಲೇಶಪುರಕ್ಕೆ ಒಂಬತ್ತು ನಿಮಿಷದಲ್ಲಿ ಮುಟ್ಟುವ ವೇಗ. ತೊಡೆ, ತೋಳು, ಕೊರಳೆಲುಬು, ಪಕ್ಕೆಲುಬುಗಳು ಮುರಿದವು. ಬೆನ್ನಿನ ಚರ್ಮ ಕಿತ್ತುಬಂದಿತು. ಅವನ ವಿಷಯವಾಗಿ ಸಾಕ್ಷ್ಯಚಿತ್ರವೊಂದನ್ನು ತೆಗೆಯಲು ಬಂದಿದ್ದ ದೂರದರ್ಶನದ ತಂಡ ಅಲ್ಲಿಯೇ ಇದ್ದಿತು. ಪಂದ್ಯದ ಹೆಸರನ್ನೂ ಕೇಳದ ಗೃಹಿಣಿಯರು ಆ ಹುಡುಗ ಬಿದ್ದುದನ್ನು ಮನೆಯಲ್ಲಿ ಕುಳಿತು ನೋಡಿದರು. ಗೆದ್ದು ಬಾರದಿದ್ದ ಖ್ಯಾತಿ ಬಿದ್ದು ಬಂದಿತು.

ತೊಡೆಯ ಮೂಳೆಯೊಳಗೆ ಉದ್ದನೆಯ ಲೋಹದ ಸರಳನ್ನು ಇಳಿಸಿದರು. ಏಳು ವಾರಗಳ ಮೇಲೆ ಶೀನ್ ಮತ್ತೆ ಪಂದ್ಯದ ಗಾಡಿಯನ್ನು ಹತ್ತಿದನು. ಈ ಏಳು ವಾರಗಳ ಮಾತನ್ನು ಹೇಳಿದಾಗ ಅಣ್ಣನಿಗೆ ಮೈಯೆಲ್ಲ ಕಿವಿಯಾಯಿತು. ಏಳೆಂಬುದರಲ್ಲಿ ಅವನಿಗೆ ದೈವಸಂಕೇತ ಕಂಡಿತು. ನನಗೆ ಕಂಡುದು ಬೇರೆ. ಶೀನನಿಗೆ ಕಾದು ನಿಂತ ಕಂಪನಿಯಿದ್ದಿತು, ಒಳ್ಳೆಯ ವೈದ್ಯರಿದ್ದರು, ಉಂಡುಟ್ಟು ಮಲಗಲು ದುಡ್ಡಿದ್ದಿತು. ಗ್ಯಾರೇಜಿನಲ್ಲಿ ದಿನಗೂಲಿಗೆ ನಿಲ್ಲುವವನ ತೊಡೆಗೂ ವಿಶ್ವವಿಖ್ಯಾತನ ತೊಡೆಗೂ ಮೂಳೆ ಒಂದೇ ಆದರೂ ಬಿಡುವು ಒಂದೇ ಅಲ್ಲ. ಅಣ್ಣ ಏಳು ತಿಂಗಳು ತೆಗೆದುಕೊಂಡನು. ಅದನ್ನು ಕಡಿಮೆಯೆಂದು ಎಣಿಸುವುದಕ್ಕೆ ನಾನು ಸಿದ್ಧನಿಲ್ಲ.

ಅದೇ ವರ್ಷದ ಜೂನ್ 28ರಂದು ಹಾಲೆಂಡಿನ ಆಸೆನ್‌ನಲ್ಲಿ, ಹದಿನೈದು ಬಾರಿ ವಿಶ್ವ ಚಾಂಪಿಯನ್ನೆನಿಸಿದ ಇಟಲಿಯ ಅಗೋಸ್ತಿನಿಯನ್ನು ಕೊನೆಯ ಕ್ಷಣದಲ್ಲಿ ಹಿಂದಿಕ್ಕಿ ಶೀನ್ 500ರಲ್ಲಿ ತನ್ನ ಮೊದಲ ಗ್ರ್ಯಾನ್ ಪ್ರೀ ಗೆದ್ದನು. ಮೂರು ತಿಂಗಳ ಹಿಂದೆ ಮಂಚದ ಮೇಲಿದ್ದವನು! ಆ ಗಾಡಿಯ ವಿಷಯ ಎರಡು ಮಾತು ಹೇಳಬೇಕು. ಸುಜುಕಿ ಆರ್‌ಜಿ 500 ಎಂದು ಅದರ ಹೆಸರು. ನಾಲ್ಕು ಸಿಲಿಂಡರುಗಳನ್ನು ಚೌಕಾಕಾರದಲ್ಲಿ, ಮುಂದೆರಡು ಹಿಂದೆರಡು, ನಿಲ್ಲಿಸಿದ್ದರು. ನಮ್ಮ ಆರ್‌ಎಕ್ಸ್ 100ರಂತೆ ಅದೂ ಟೂ-ಸ್ಟ್ರೋಕ್: ಪಿಸ್ಟನ್ನು ಒಮ್ಮೆ ಮೇಲೆ ಒಮ್ಮೆ ಕೆಳಗೆ ಹೋದರೆ ಒಂದು ಸಿಡಿತ. ಫೋರ್-ಸ್ಟ್ರೋಕಿನಲ್ಲಿ ಅದಕ್ಕೆ ಎರಡು ಸುತ್ತು ಬೇಕು. ಆದುದರಿಂದ ತೂಕ ಕಡಿಮೆ, ಬಲ ಹೆಚ್ಚು, ಎಣ್ಣೆ ಸುಟ್ಟ ನೀಲಿ ಹೊಗೆ. ಆರ್‌ಎಕ್ಸ್ 100ರ ಬಲ ಹನ್ನೊಂದು ಅಶ್ವಶಕ್ತಿ. ಶೀನನ ಗಾಡಿಯದು ನೂರಕ್ಕೂ ಮೇಲೆ. ಆ ಬಲವೂ ಸಮನಾಗಿ ಬಾರದು. ಎಂಜಿನಿನ ಸುತ್ತು ಒಂದು ಮಟ್ಟಕ್ಕೇರುವವರೆಗೆ ಸುಮ್ಮನಿದ್ದು, ಬಳಿಕ ಕಟ್ಟು ಕಳಚಿದ ಹೋರಿಯಂತೆ ಒಮ್ಮೆಲೇ ಮುನ್ನುಗ್ಗುತ್ತದೆ. ಅದನ್ನು ಬಾಗಿದ ತಿರುವಿನಲ್ಲಿ ಹಿಡಿದು ನಡೆಸುವುದೇ ವಿದ್ಯೆ.

1976ರಲ್ಲಿ ಐದು ಗ್ರ್ಯಾನ್ ಪ್ರೀಗಳನ್ನು ಗೆದ್ದು ಶೀನ್ 500 ಸಿ.ಸಿ. ವಿಶ್ವ ಚಾಂಪಿಯನ್ನಾದನು. ಹಳದಿ ಫಲಕದ ಮೇಲೆ ಆಗ ಇದ್ದುದು 7. ಮರುವರ್ಷಕ್ಕೆ ಪದ್ಧತಿಯಂತೆ ಒಂದು ಬರಬೇಕು. ಯಾವ ಸವಾರನಾದರೂ ಜೀವವನ್ನು ಪಣಕ್ಕಿಟ್ಟು ಬಯಸುವುದು ಆ ಒಂದನ್ನೇ. ಶೀನ್ ಅದನ್ನು ಬಿಟ್ಟು ಏಳನ್ನೇ ಉಳಿಸಿಕೊಂಡನು. 1977ರಲ್ಲಿ ಏಳರೊಡನೆಯೇ ಓಡಿ, ಆರು ಪಂದ್ಯಗಳನ್ನು ಗೆದ್ದು, ಮತ್ತೆ ಚಾಂಪಿಯನ್ನಾದನು. ಆ ವರ್ಷ ಬೆಲ್ಜಿಯಮ್ಮಿನ ಸ್ಪಾ ಪಥದಲ್ಲಿ ಅವನು ಗೆದ್ದ ಪಂದ್ಯದ ಸರಾಸರಿ ವೇಗ ಗಂಟೆಗೆ 217.37 ಕಿಲೋಮೀಟರ್, ಗ್ರ್ಯಾನ್ ಪ್ರೀ ಚರಿತ್ರೆಯಲ್ಲಿಯೇ ಅತಿ ವೇಗದ ಪಂದ್ಯವೆಂದು ಅದಕ್ಕೆ ಹೆಸರು.

ಈ ನಿರ್ಧಾರದ ಅರ್ಥವೇನೆಂದು ನಾನು ಬಹಳ ಯೋಚಿಸಿದ್ದೇನೆ. ರಾಸ್ಸಿಯ 46ರಲ್ಲಿ ತಂದೆ ಇದ್ದಾನೆ, ಮಾರ್ಕೆಸ್‌ನ 93ರಲ್ಲಿ ಹುಟ್ಟು ಇದೆ. ಶೀನನ ಏಳಿನಲ್ಲಿ ಇರುವುದು ಶೀನನೇ. ಒಂದು ಎನ್ನುವುದು ಪದವಿ. ಈ ವರ್ಷ ನನಗೆ, ಬರುವ ವರ್ಷ ನಿನಗೆ. ಗೆದ್ದವನ ಮೇಲೆ ಅದು ಬಂದು ಕೂರುತ್ತದೆ, ಸೋತೊಡನೆ ಎದ್ದು ಹೋಗುತ್ತದೆ. ಏಳನ್ನಾದರೋ ಸೋಲು ಕಸಿದುಕೊಳ್ಳಲಾರದು. ಇದರಲ್ಲಿ ವ್ಯಾಪಾರದ ಬುದ್ಧಿಯೂ ಇದ್ದಿತೆಂಬುದನ್ನು ಮರೆಮಾಚಬಾರದು. ಶೀನ್ ತನ್ನ ರೂಪವನ್ನು ತಾನೇ ಕಡೆದುಕೊಂಡವನು. ಕಪ್ಪು ಹೆಲ್ಮೆಟ್ಟಿನ ಮೇಲೆ ಡೊನಾಲ್ಡ್ ಡಕ್ ಎಂಬ ಬಾತುಕೋಳಿಯ ಚಿತ್ರ. ಪಂದ್ಯ ಆರಂಭವಾಗುವ ಕೊನೆಯ ಗಳಿಗೆಯವರೆಗೂ ಸಿಗರೇಟು ಸೇದಲೆಂದು ಆ ಹೆಲ್ಮೆಟ್ಟಿನ ಗದ್ದದಲ್ಲಿ ಕೊರೆಸಿದ ರಂಧ್ರ. ಸುಗಂಧದ್ರವ್ಯದ ಜಾಹೀರಾತಿನಲ್ಲಿ ನಗುಮುಖ. ಅಂಗಡಿಯಲ್ಲಿ ಮಾರುವ ಅಂಗಿ ಟೋಪಿಗಳ ಮೇಲೆ ಪ್ರತಿವರ್ಷ ಅಂಕಿ ಬದಲಾದರೆ ವ್ಯಾಪಾರ ನಡೆಯದು. ಸವಾರನ ಅಂಕಿಯೇ ಅವನ ಮುದ್ರೆಯಾಗಬಲ್ಲದೆಂದು ಮೊದಲು ಕಂಡುಕೊಂಡವರಲ್ಲಿ ಅವನು ಒಬ್ಬ. ಇಂದು 46ನ್ನು ಅಂಟಿಸಿಕೊಂಡು ತಿರುಗುವ ನಮ್ಮ ಬಾಳ್ಳುಪೇಟೆಯ ಹುಡುಗ ಶೀನನ ಹೆಸರನ್ನು ಕೇಳಿರಲಾರನು. ಆದರೂ ಅವನಿಗೆ ಆ ದಾರಿಯನ್ನು ತೆರೆದವನು ಶೀನನೇ.

ಹಾಗೆಂದು ವ್ಯಾಪಾರವೊಂದೇ ಎನ್ನಲೂ ಮನಸ್ಸು ಒಪ್ಪುವುದಿಲ್ಲ. ಚೆಕ್‌ರೋಲಿನ ನಂಬರಿನಿಂದ ಕರೆಸಿಕೊಂಡವಳ ಮೊಮ್ಮಗನಾದ ನನಗೆ, ಮೇಲಿನವರು ಕೊಡಲು ಬಂದ ಎಲ್ಲಕ್ಕಿಂತ ದೊಡ್ಡ ಅಂಕಿಯನ್ನು, ನನ್ನದು ನನಗಿದೆಯೆಂದು ಹಿಂದಕ್ಕೆ ಕಳುಹಿಸಿದವನ ಮೇಲೆ ಒಂದು ಬಗೆಯ ಅಸೂಯೆಯೇ ಆಗುತ್ತದೆ.

1978ರ ಆರಂಭದಲ್ಲಿ ಬ್ರಿಟನ್ನಿನ ಸರ್ಕಾರ ಅವನಿಗೆ ಎಂ.ಬಿ.ಇ. ಬಿರುದನ್ನಿತ್ತಿತು. ಆ ವರ್ಷವೇ ಅಮೆರಿಕದಿಂದ ಕೆನ್ನಿ ರಾಬರ್ಟ್ಸ್ ಎಂಬವನು ಯಮಹಾ ಹತ್ತಿ ಬಂದನು. ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸುತ್ತ ತಿರುವು ದಾಟುವ ವಿದ್ಯೆಯನ್ನು ಮಣ್ಣಿನ ಪಥಗಳಲ್ಲಿ ಕಲಿತವನು. ಸತತವಾಗಿ ಮೂರು ವರ್ಷ ಚಾಂಪಿಯನ್ ಪಟ್ಟ ಅವನದಾಯಿತು. 1979ರ ಆಗಸ್ಟಿನಲ್ಲಿ ಸಿಲ್ವರ್‌ಸ್ಟೋನಿನಲ್ಲಿ ಇಬ್ಬರೂ ಪಂದ್ಯದುದ್ದಕ್ಕೂ ಒಬ್ಬರನ್ನೊಬ್ಬರು ಹಿಂದಿಕ್ಕುತ್ತ ಓಡಿದುದನ್ನು ಬಲ್ಲವರು ಇಂದಿಗೂ ಬಣ್ಣಿಸುತ್ತಾರೆ. ಮುಂದೆ ಹೋಗುತ್ತಿದ್ದ ಶೀನ್, ಅಷ್ಟು ವೇಗದಲ್ಲಿ ಒಂದು ಕೈಯನ್ನು ಬೆನ್ನ ಹಿಂದಕ್ಕೆ ತಂದು ರಾಬರ್ಟ್ಸ್‌ಗೆ ಎರಡು ಬೆರಳು ತೋರಿಸಿದನು. ಅದು ಗೆಲುವಿನ ಸಂಕೇತವಲ್ಲ. ಇಂಗ್ಲೆಂಡಿನಲ್ಲಿ ಅದಕ್ಕಿರುವ ಅರ್ಥವನ್ನು ಕಾಲೇಜು ಪತ್ರಿಕೆಯಲ್ಲಿ ಬರೆಯಲಾಗದು. ಕೊನೆಗೆ ಗೆದ್ದವನು ರಾಬರ್ಟ್ಸ್, ಸೆಕೆಂಡಿನ ನೂರನೆಯ ಮೂರು ಪಾಲಿನಷ್ಟು ಅಂತರದಿಂದ. ತನ್ನ ದೇಶದ ಗ್ರ್ಯಾನ್ ಪ್ರೀಯನ್ನು ಗೆಲ್ಲುವ ಭಾಗ್ಯ ಶೀನನಿಗೆ ಎಂದೂ ಬರಲಿಲ್ಲ.

1980ರಲ್ಲಿ ಸುಜುಕಿಯನ್ನು ಬಿಟ್ಟು ಯಮಹಾ ಹಿಡಿದನು. ಕಾರ್ಖಾನೆಯ ಉತ್ತಮ ಗಾಡಿಗಳು ರಾಬರ್ಟ್ಸ್‌ಗೆ, ಇವನಿಗೆ ಮಾರಾಟದ ಗಾಡಿ. ಆ ವರ್ಷ ವ್ಯರ್ಥವಾಯಿತು. 1981ರಲ್ಲಿ ಸ್ವೀಡನ್ನಿನಲ್ಲಿ ಗೆದ್ದುದೇ ಅವನ ಕೊನೆಯ ಗ್ರ್ಯಾನ್ ಪ್ರೀ ಗೆಲುವು, ಒಟ್ಟು 23ರಲ್ಲಿ 23ನೆಯದು. ಅತ್ಯುನ್ನತ ವರ್ಗದಲ್ಲಿ ಮತ್ತೊಬ್ಬ ಬ್ರಿಟಿಷನು ಗೆಲ್ಲಲು 2016ರಲ್ಲಿ ಕ್ಯಾಲ್ ಕ್ರಚ್‌ಲೋ ಬರುವವರೆಗೆ, ಮೂವತ್ತೈದು ವರ್ಷ ಕಾಯಬೇಕಾಯಿತು.

1982ರಲ್ಲಿ ಗಾಡಿ ಸರಿಹೋಗಿತ್ತು, ಸವಾರನೂ ಹದಕ್ಕೆ ಬಂದಿದ್ದನು. ಜುಲೈ ತಿಂಗಳಲ್ಲಿ ಸಿಲ್ವರ್‌ಸ್ಟೋನಿನ ಅಭ್ಯಾಸದ ವೇಳೆ, ದೊಡ್ಡ ಗಾಡಿಗಳೂ ಚಿಕ್ಕ ಗಾಡಿಗಳೂ ಒಟ್ಟಿಗೇ ಪಥದಲ್ಲಿದ್ದವು. ಏರಿನ ಆಚೆ ಬಿದ್ದಿದ್ದ ಇನ್ನೊಬ್ಬನ ಗಾಡಿಗೆ ಶೀನ್ ಪೂರ್ಣ ವೇಗದಲ್ಲಿ ಬಡಿದನು. ಈ ಸಲ ಎರಡೂ ಕಾಲುಗಳು ಮಂಡಿಯ ಕೆಳಗೆ ನುಚ್ಚಾದವು. ನೈಜೆಲ್ ಕಾಬ್ ಎಂಬ ಶಸ್ತ್ರವೈದ್ಯರು ಗಂಟೆಗಟ್ಟಲೆ ಕುಳಿತು, ಲೋಹದ ಪಟ್ಟಿಗಳನ್ನಿಟ್ಟು, ಎರಡು ಡಜನ್ನಿಗೂ ಮೀರಿದ ಸ್ಕ್ರೂಗಳನ್ನು ಬಿಗಿದು ಕಾಲುಗಳನ್ನು ಮತ್ತೆ ಕಟ್ಟಿದರು. ಆ ಕ್ಷಕಿರಣ ಚಿತ್ರ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ನೋಡಿದರೆ ಅಣ್ಣನ ಗ್ಯಾರೇಜಿನ ಸ್ಕ್ರೂ ಡಬ್ಬಿಯನ್ನು ಚೆಲ್ಲಿದಂತಿದೆ. 1983ರಲ್ಲಿ ಶೀನ್ ಮತ್ತೆ ಸುಜುಕಿ ಹತ್ತಿ ಪಂದ್ಯಕ್ಕೆ ಬಂದನಾದರೂ ಹಳೆಯ ಬಲ ಗಾಡಿಗೂ ಇರಲಿಲ್ಲ. 1984ರಲ್ಲಿ ನಿವೃತ್ತನಾದನು. ಅದೇ ವರ್ಷ ಸ್ಟೆಫನಿ ಎಂಬಾಕೆಯನ್ನು ಮದುವೆಯಾದನು. ಒಬ್ಬ ಮಗಳು, ಒಬ್ಬ ಮಗ.

ಲೋಹ ತುಂಬಿದ ಕಾಲುಗಳಿಗೆ ಇಂಗ್ಲೆಂಡಿನ ಚಳಿ ಒಗ್ಗಲಿಲ್ಲ. ಕೀಲುಗಳು ಹಿಡಿದುಕೊಂಡವು, ರಾತ್ರಿಯೆಲ್ಲ ನೋವು. ನಮ್ಮ ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆಷಾಢದಲ್ಲಿ ಹೇಮಾವತಿ ದಡ ಮೀರಿ, ಹಗಲು ರಾತ್ರಿ ಹೆಂಚಿನ ಮೇಲೆ ಮಳೆ ಹೊಯ್ಯುವಾಗ, ಅಣ್ಣ ತೊಡೆಗೆ ಬಿಸಿನೀರಿನ ಬಟ್ಟೆ ಕಟ್ಟಿಕೊಂಡು ಒಲೆಯ ಮುಂದೆ ಕೂರುತ್ತಾನೆ. ಗೊರಬು ಹೊದ್ದು ದುಡಿದ ನಮ್ಮಜ್ಜಿಯೂ ಮಂಡಿ ಹಿಡಿದುಕೊಂಡು ಹಾಗೆಯೇ ಕೂರುತ್ತಿದ್ದಳಂತೆ. ಶೀನ್ 1987ರಲ್ಲಿ ಹೆಂಡತಿ ಮಕ್ಕಳೊಡನೆ ಆಸ್ಟ್ರೇಲಿಯಾಕ್ಕೆ, ಬಿಸಿಲಿನ ಕ್ವೀನ್ಸ್‌ಲೆಂಡಿನ ಗೋಲ್ಡ್ ಕೋಸ್ಟಿಗೆ ಹೋಗಿ ನೆಲಸಿದನು. ಅಲ್ಲಿ ಆಸ್ತಿಪಾಸ್ತಿಯ ವ್ಯವಹಾರ, ದೂರದರ್ಶನದಲ್ಲಿ ಪಂದ್ಯದ ವೀಕ್ಷಕ ವಿವರಣೆ. ತಮಾಷೆಯ ಮಾತಿನಿಂದ ಆಸ್ಟ್ರೇಲಿಯದವರೂ ಅವನನ್ನು ತಮ್ಮವನೆಂದೇ ಎಣಿಸಿದರು. ಎಳೆಯ ಸವಾರರಿಗೆ ನೆರವಾದನು. ಅಲ್ಲಿಯ ಕ್ರಿಸ್ ವರ್ಮ್ಯೂಲೆನ್ ಅವನ ಆಶ್ರಯದಲ್ಲಿ ಬೆಳೆದವನು.

2002ರ ಜುಲೈಯಲ್ಲಿ ಅನ್ನನಾಳದಲ್ಲಿಯೂ ಜಠರದಲ್ಲಿಯೂ ಕ್ಯಾನ್ಸರ್ ಇರುವುದು ತಿಳಿಯಿತು. ರಾಸಾಯನಿಕ ಚಿಕಿತ್ಸೆ ಬೇಡವೆಂದು, ಆಹಾರದ ಕಟ್ಟುನಿಟ್ಟಿನಿಂದಲೇ ಗುಣಪಡಿಸಿಕೊಳ್ಳುವೆನೆಂದು ಹೊರಟನು. ಜೀವಮಾನವೆಲ್ಲ ಶಸ್ತ್ರವೈದ್ಯರ ಕೈಯನ್ನು ನಂಬಿ ಎದ್ದು ನಿಂತವನು ಕೊನೆಯಲ್ಲಿ ವೈದ್ಯವನ್ನು ಬಿಟ್ಟುಕೊಟ್ಟುದು ನನಗೆ ಸರಿಕಾಣದು. ಹೆಲ್ಮೆಟ್ಟಿಗೆ ರಂಧ್ರ ಕೊರೆಸಿ ಸೇದಿದ ಆ ಸಿಗರೇಟನ್ನೂ ಮೆಚ್ಚಲಾರೆ. ಅದನ್ನು ಕೇಳಿ ನಗುವವರು ಅವನು ಯಾವ ಕಾಯಿಲೆಯಿಂದ ಹೋದನೆಂಬುದನ್ನೂ ಕೇಳಬೇಕು. ಆದರೆ ಆ ಸೆಪ್ಟೆಂಬರಿನ ಮಾತು ಬೇರೆ. ಕಾಯಿಲೆ ತಿಳಿದ ಎರಡು ತಿಂಗಳಿಗೆ, ಸೊರಗಿದ ಮೈಯಲ್ಲಿ, ಇಂಗ್ಲೆಂಡಿನ ಗುಡ್‌ವುಡ್ ಎಂಬಲ್ಲಿ ಹಳೆಯ ಗಾಡಿಗಳ ಪಂದ್ಯಕ್ಕೆ ಬಂದು, ಮ್ಯಾಂಕ್ಸ್ ನಾರ್ಟನ್ ಗಾಡಿಯೊಂದನ್ನು ಹತ್ತಿ, ಗೆದ್ದನು. ಕಾಲಿಗೆ ರಾಡು, ಹೊಟ್ಟೆಯಲ್ಲಿ ಗಂಟು, ಐವತ್ತು ಮೀರಿದ ವಯಸ್ಸು. ಇದನ್ನು ಹೇಳಿದ ರಾತ್ರಿ ಅಣ್ಣ ಬಹಳ ಹೊತ್ತು ಮಾತನಾಡಲಿಲ್ಲ.

2003ನೆಯ ಮಾರ್ಚ್ 10ರಂದು ಗೋಲ್ಡ್ ಕೋಸ್ಟಿನಲ್ಲಿ ಬ್ಯಾರಿ ಶೀನ್ ತೀರಿಕೊಂಡನು. ಮರುತಿಂಗಳು ಜಪಾನಿನ ಸುಜುಕಾ ಪಥದಲ್ಲಿ ಬಿದ್ದು ಎಳೆಯ ದೈಜಿರೋ ಕಾಟೋ ಅಸುನೀಗಿದಾಗ ಅವನ 74ನ್ನು ಮತ್ತಾರಿಗೂ ಕೊಡಬಾರದೆಂದು ತೀರ್ಮಾನಿಸಿದರು. ಮುಂದೆ ಸಿಮೊಂಚೆಲ್ಲಿಯ 58, ಹೇಡನ್‌ನ 69 ಸಹ ಹಾಗೆಯೇ ಸವಾರರೊಡನೆ ಹೋದವು. ಏಳು ಹಾಗೆ ಹೋಗಲಿಲ್ಲ. ಅದನ್ನು ಮತ್ತೆ ಮತ್ತೆ ಬೇರೆಯವರು ಹೊತ್ತು ಓಡಿದ್ದಾರೆ. ಶೀನನ ಶಿಷ್ಯ ವರ್ಮ್ಯೂಲೆನ್ ಕೂಡ ಅವರಲ್ಲಿ ಒಬ್ಬ. ಗುಡ್‌ವುಡ್ಡಿನ ಹಳೆಯ ಗಾಡಿಗಳ ಪಂದ್ಯ ಅವನ ಕಾಲಾನಂತರ ಬ್ಯಾರಿ ಶೀನ್ ಸ್ಮಾರಕ ಪಂದ್ಯವೆಂದು ನಡೆದುಬಂದಿದೆ. ಒಂದೊಂದು ಗಾಡಿಗೆ ಇಬ್ಬಿಬ್ಬರು ಸವಾರರು, ಅರ್ಧ ದಾರಿ ಒಬ್ಬ, ಇನ್ನರ್ಧ ಇನ್ನೊಬ್ಬ.